ಕೆಡೋದಿದ್ದರೆ ಊರ ಹತ್ತಿರವೇ ಕೆಡಲಿ: ಕಲಬುರಗಿಯಿಂದ ಹಾನ್ಲೆಗೆ ಗಾಡಿ ತಯಾರು ಮಾಡುವ ಸಮಗ್ರ ಮಾರ್ಗದರ್ಶಿ

ಮೇ ತಿಂಗಳ ಒಂದು ಮಧ್ಯಾಹ್ನ. ಹೊರಗೆ 43 ಡಿಗ್ರಿ ಬಿಸಿಲು. ನಾನು ಮನೆ ಮುಂದೆ ಬೊಲೆರೊ ಚಾಲೂ ಮಾಡಿ, ಗಾಜು ಏರಿಸಿ, ಹೀಟರ್ ಪೂರ್ತಿ ತಿರುಗಿಸಿ ಒಳಗೆ ಕೂತಿದ್ದೆ. ಎದುರು ಮನೆಯವರು ಬಂದು ಗಾಜು ಬಡಿದು, "ಆರಾಮ ಇದ್ದೀರಲ್ಲ?" ಅಂತ ಕೇಳಿದರು. ನಾನೇನೋ ಆರಾಮ ಇದ್ದೆ. ಆರಾಮ ಇಲ್ಲದ್ದು ಗಾಡಿ. ಹದಿನೈದು ನಿಮಿಷ ಆದರೂ ಹೀಟರಿನಿಂದ ಬರುವ ಗಾಳಿ ಹೊರಗಿನ ಗಾಳಿಗಿಂತ ಬಿಸಿ ಇರಲಿಲ್ಲ.

ಕಲಬುರಗಿಯಲ್ಲಿ ಹೀಟರ್ ಹಾಕಿದವರು ಯಾರಿದ್ದಾರೆ ಹೇಳಿ? ಈ ಗಾಡಿಯ ಹೀಟರ್ ಎಷ್ಟು ವರ್ಷದ ಹಿಂದೆ ಕೆಟ್ಟಿತ್ತೋ ಯಾರಿಗೂ ಗೊತ್ತಿಲ್ಲ. ನಮ್ಮ ಭಾಗದ ಗಾಡಿಗಳ ಕಥೆಯೇ ಹೀಗೆ. ಅವಕ್ಕೆ ಬಿಸಿಲು ಗೊತ್ತು, ಚಳಿ ಗೊತ್ತಿಲ್ಲ. ಬಯಲು ಗೊತ್ತು, ಹತ್ತಿಪ್ಪತ್ತು ಕಿ.ಮೀ. ಒಂದೇ ಸಮ ಇಳಿಯುವ ಇಳಿಜಾರು ಗೊತ್ತಿಲ್ಲ. ಅದಕ್ಕೇ ಇಲ್ಲಿ ಚೆನ್ನಾಗಿ ಓಡುವ ಗಾಡಿ ಲಡಾಖಿನ ಹಾನ್ಲೆಯಲ್ಲಿಯೂ ಓಡುತ್ತದೆ ಅಂತ ನಂಬಿ ಹೊರಡಬೇಡಿ. ಕೆಡುವುದನ್ನೆಲ್ಲ ಮೊದಲೇ ಕೆಡಿಸಿ ನೋಡಬೇಕು. ಅದೂ ಮಿಸ್ತ್ರಿ, ಅಂಗಡಿ, ಪರಿಚಯದವರು ಎಲ್ಲ ಇರುವ ನಮ್ಮೂರ ಹತ್ತಿರ.

ಈ ಕೆಲಸಕ್ಕೆ ಎಂಟು ವಾರ ಇಟ್ಟುಕೊಳ್ಳಿ. ಕೊನೆಯ ಒಂದು ವಾರ ಗಾಡಿಗೆ ಪಾನಾ (ಸ್ಪ್ಯಾನರ್) ತಾಗಿಸಬಾರದು. ಹೊರಡುವ ಹಿಂದಿನ ದಿನ ಸರ್ವಿಸ್ ಮಾಡಿಸಿದರೆ, ಸರ್ವಿಸಿನವರು ಬಿಗಿ ಮಾಡಲು ಮರೆತ ಬೋಲ್ಟು ನಿಮಗೆ ಸಿಗುವುದು ನಾಗಪುರದ ಆಚೆ.

ಮೊದಲು ದಾರಿ, ಆಮೇಲೆ ಗಾಡಿ

ಹಾನ್ಲೆ ಯಾಕೆ ಅಂದರೆ, ಅಲ್ಲಿನ ಬೆಟ್ಟದ ಮೇಲೆ ಸುಮಾರು 4,500 ಮೀಟರ್ ಎತ್ತರದಲ್ಲಿ ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯ ವೀಕ್ಷಣಾಲಯ ಇದೆ. ಅದರ ಎರಡು ಮೀಟರ್ ದೂರದರ್ಶಕವನ್ನು ಹೊಸಕೋಟೆಯಲ್ಲಿ ಕೂತು ಉಪಗ್ರಹದ ಮೂಲಕ ನಡೆಸುತ್ತಾರೆ. ಅವರು ಕೂತಲ್ಲಿಂದಲೇ ಹಾನ್ಲೆ ಮುಟ್ಟುತ್ತಾರೆ, ನಾವು ಮೂರು ಸಾವಿರ ಕಿ.ಮೀ. ಉರುಳಬೇಕು.

ನಾನು ಹಿಡಿದ ದಾರಿ ಇದು: ಹುಮನಾಬಾದ್, ಬೀದರ್, ನಾಂದೇಡ್, ಯವತ್ಮಾಳ, ನಾಗಪುರ, ಭೋಪಾಲ್, ಕೋಟಾ, ಜೈಪುರ, ಹಿಸಾರ್, ಚಂಡೀಗಢ, ಮನಾಲಿ, ಲೇಹ್. ಲೇಹ್‌ವರೆಗೆ ಹೆಚ್ಚುಕಡಿಮೆ ಎರಡೂಮುಕ್ಕಾಲು ಸಾವಿರ ಕಿ.ಮೀ. ಅಲ್ಲಿಂದ ಹಾನ್ಲೆಗೆ ಇನ್ನೂ 250ರ ಆಸುಪಾಸು. ಆಗ್ರಾ–ದೆಹಲಿ ದಾರಿ ಇದಕ್ಕಿಂತ ಹತ್ತಿರ. ಆದರೆ ದೆಹಲಿ ಮತ್ತು ಸುತ್ತಲಿನ ಜಿಲ್ಲೆಗಳಲ್ಲಿ ಹತ್ತು ವರ್ಷ ದಾಟಿದ ಡೀಸೆಲ್ ಗಾಡಿಗಳಿಗೆ 2015ರಿಂದ ಒಂದಲ್ಲ ಒಂದು ತಕರಾರು ಇದೆ. ನಿಯಮ ಆಗಾಗ ಬದಲಾಗುತ್ತದೆ. ಹಳೆ ಡೀಸೆಲ್ ಗಾಡಿ ಇದ್ದವರು ಹೊರಡುವ ವಾರ ಒಮ್ಮೆ ನೋಡಿಕೊಳ್ಳಿ. ನಾನಂತೂ ಕೆಎ–32 ನಂಬರ್ ಪ್ಲೇಟು ಇಟ್ಟುಕೊಂಡು ಅಲ್ಲಿ ಪೊಲೀಸರ ಜೊತೆ ವಾದ ಮಾಡುವುದು ಬೇಡ ಅಂತ ರಾಜಸ್ಥಾನದ ಕಡೆ ತಿರುಗಿದೆ.

ದಾರಿ ಗೊತ್ತಾದರೆ ಡೀಸೆಲ್ ಲೆಕ್ಕ ಹಾಕಬಹುದು. ಮನಾಲಿ ದಾಟಿ, 2020ರಲ್ಲಿ ತೆರೆದ ಒಂಬತ್ತು ಕಿ.ಮೀ. ಉದ್ದದ ಅಟಲ್ ಸುರಂಗದಿಂದ ಹೊರಬಿದ್ದ ಮೇಲೆ ತಾಂಡಿ ಅನ್ನುವ ಊರಲ್ಲಿ ಒಂದು ಬಂಕ್ ಸಿಗುತ್ತದೆ. ಮುಂದಿನ ಬಂಕ್ 365 ಕಿ.ಮೀ. ದೂರ ಅನ್ನುವ ಅಲ್ಲಿನ ಬೋರ್ಡು ಪ್ರಸಿದ್ಧ. ನಡುವೆ ಎಲ್ಲಾದರೂ ಡೀಸೆಲ್ ಸಿಕ್ಕರೆ ಅದು ಅದೃಷ್ಟ, ಲೆಕ್ಕದಲ್ಲಿ ಹಿಡಿಯಬೇಡಿ. ನನ್ನ ಬೊಲೆರೊ ಟ್ಯಾಂಕು 60 ಲೀಟರಿನದು. ಬಯಲಲ್ಲಿ ಲೀಟರಿಗೆ 12 ಕಿ.ಮೀ. ಕೊಡುವ ಗಾಡಿಗೆ ಬೆಟ್ಟದಲ್ಲಿ 9 ಅಂತ ಹಿಡಿದರೆ 365 ಕಿ.ಮೀ.ಗೆ ಸುಮಾರು 41 ಲೀಟರ್. ಅಂದರೆ ಲೇಹ್ ತಲುಪಲು ಕ್ಯಾನ್ ಬೇಡವೇ ಬೇಡ. ಆದರೆ ಲೇಹ್‌ನಿಂದ ಹಾನ್ಲೆಗೆ ಹೋಗಿಬರಲು 500 ಕಿ.ಮೀ. ಮೇಲಾಗುತ್ತದೆ. ಅಲ್ಲಿಗೆ 56 ಲೀಟರ್ ಖಾಲಿ. ದಾರಿ ತಪ್ಪಿದರೆ? ಸುಮ್ನೆ ಇಂಜಿನ್ ಓಡಿಸಿಕೊಂಡು ನಿಲ್ಲಬೇಕಾಗಿ ಬಂದರೆ? ಹಾಗಾಗಿ ಒಂದು 20 ಲೀಟರ್ ಕ್ಯಾನ್ ಬೇಕು, ಎರಡು ಬೇಡ. ಅದನ್ನೂ ಲೇಹ್‌ನಲ್ಲೇ ತುಂಬಿಸಿ. ಕಲಬುರಗಿಯಿಂದ ಹೊತ್ತುಕೊಂಡು ಹೋಗುವುದರಲ್ಲಿ ಅರ್ಥವಿಲ್ಲ. ಕಬ್ಬಿಣದ ಜೆರಿಕ್ಯಾನೇ ಇರಲಿ, ನೀರಿನ ಪ್ಲಾಸ್ಟಿಕ್ ಕ್ಯಾನ್ ಬೇಡ. ಬಾಯಿಮಟ್ಟ ತುಂಬಬೇಡಿ. ಗಾಡಿಯ ಒಳಗೆ ಇಡಬೇಡಿ.

ರೇಡಿಯೇಟರಿನಲ್ಲಿ ಇರುವುದು ಬೋರ್ ನೀರೋ, ಕೂಲಂಟೋ?

ಇಡೀ ತಯಾರಿಯಲ್ಲಿ ನಮ್ಮ ಭಾಗದವರು ಜಾಸ್ತಿ ಎಡವುವುದು ಇಲ್ಲೇ. ಅದಕ್ಕೆ ಸ್ವಲ್ಪ ಉದ್ದ ಬರೆಯುತ್ತೇನೆ.

ನನ್ನ ಹೀಟರ್ ಬಿಸಿಯಾಗದ್ದಕ್ಕೆ ಎರಡು ಕಾರಣ ಸಿಕ್ಕವು. ಒಂದು, ಥರ್ಮೋಸ್ಟಾಟೇ ಇರಲಿಲ್ಲ. ಹಳೆ ಮಾಲೀಕರ ಕಾಲದಲ್ಲಿ ಯಾವುದೋ ಗ್ಯಾರೇಜಿನವರು ಕಿತ್ತು ಎಸೆದಿದ್ದರು. "ಇಲ್ಲಿನ ಬಿಸಿಲಿಗೆ ಅದರ ಕೆಲಸ ಏನು ಸರ್?" ಅನ್ನುವ ಮಿಸ್ತ್ರಿಗಳು ಇನ್ನೂ ಇದ್ದಾರೆ. ಇಂಜಿನ್ನಿನ ನೀರು 80–85 ಡಿಗ್ರಿಗೆ ಬರುವ ತನಕ ರೇಡಿಯೇಟರಿಗೆ ಹೋಗದಂತೆ ತಡೆಯುವುದು ಆ ಚಿಕ್ಕ ವಾಲ್ವಿನ ಕೆಲಸ. ಅದು ಇಲ್ಲದಿದ್ದರೆ ಇಲ್ಲಿ ಗೊತ್ತೇ ಆಗುವುದಿಲ್ಲ. ಸೊನ್ನೆ ಡಿಗ್ರಿಯ ಬೆಳಗಿನಲ್ಲಿ ಇಂಜಿನ್ ಬಿಸಿಯೇ ಆಗುವುದಿಲ್ಲ, ಡೀಸೆಲ್ ಸರಿಯಾಗಿ ಉರಿಯುವುದಿಲ್ಲ, ಬಿಳಿ ಹೊಗೆ ಬರುತ್ತದೆ, ಒಳಗೆ ಕೂತವರು ನಡುಗುತ್ತಾರೆ.

ಎರಡನೆಯದು ನಮ್ಮ ನೀರು. ನಮ್ಮದು ಸುಣ್ಣಕಲ್ಲಿನ ನಾಡು. ಬೋರ್ ನೀರು ಕಾಯಿಸಿದ ಪಾತ್ರೆಯ ತಳದಲ್ಲಿ ಬಿಳಿ ಪದರ ಕೂತಿರುವುದನ್ನು ಎಲ್ಲರೂ ನೋಡಿದ್ದೇವೆ. ಅದೇ ನೀರನ್ನು ವರ್ಷಗಟ್ಟಲೆ ರೇಡಿಯೇಟರಿಗೆ ಸುರಿದಿದ್ದಾರೆ. ಹೀಟರಿನ ಸಣ್ಣ ಕೊಳವೆಗಳೆಲ್ಲ ಕಟ್ಟಿಹೋಗಿದ್ದವು. ಬಿಚ್ಚಿ ಕುಟ್ಟಿದಾಗ ವಿಭೂತಿಯಂಥ ಬಿಳಿ ಪುಡಿ ಅಂಗೈ ತುಂಬ ಬಿತ್ತು.

ಬರೀ ನೀರಿಗೆ ಇನ್ನೂ ದೊಡ್ಡ ತೊಂದರೆ ಇದೆ. ಅದು ರಾತ್ರಿ ಹೆಪ್ಪುಗಟ್ಟಿದರೆ ಹಿಗ್ಗುತ್ತದೆ. ಹಿಗ್ಗಿದರೆ ರೇಡಿಯೇಟರ್ ಅಷ್ಟೇ ಅಲ್ಲ, ಇಂಜಿನ್ ಬ್ಲಾಕೇ ಸೀಳಬಹುದು. ಸೆಪ್ಟೆಂಬರಿನಲ್ಲೂ ಮನಾಲಿ–ಲೇಹ್ ದಾರಿಯ ಸರ್ಚು, ಮತ್ತೆ ಹಾನ್ಲೆಗಳಲ್ಲಿ ರಾತ್ರಿ ಸೊನ್ನೆಗಿಂತ ಕೆಳಗೆ ಹೋಗುತ್ತದೆ.

ಮಾಡಬೇಕಾದ್ದು ಹೀಗೆ. ಇಂಜಿನ್ ಪೂರ್ತಿ ತಣ್ಣಗಿದ್ದಾಗ ಹಳೆ ನೀರು ಬಿಡಿ. ಸಾದಾ ನೀರು ತುಂಬಿ, ಹೀಟರ್ ಆನ್ ಇಟ್ಟು ಹತ್ತು ನಿಮಿಷ ಓಡಿಸಿ, ಮತ್ತೆ ಬಿಡಿ. ಬರುವ ನೀರು ತಿಳಿಯಾಗುವವರೆಗೆ ಇದೇ ಕೆಲಸ. ನನಗೆ ಐದು ಸಲ ಬೇಕಾಯಿತು. ಕೊನೆಯ ಸಲ ಡಿಸ್ಟಿಲ್ಡ್ ವಾಟರಿನಲ್ಲಿ ತೊಳೆಯಿರಿ. ಆಮೇಲೆ ಹೊಸ ಥರ್ಮೋಸ್ಟಾಟ್ ಹಾಕಿಸಿ, ಕೂಲಂಟ್ ಮತ್ತು ಡಿಸ್ಟಿಲ್ಡ್ ವಾಟರ್ ಅರ್ಧರ್ಧ ಬೆರೆಸಿ ತುಂಬಿ. ಎಥಿಲೀನ್ ಗ್ಲೈಕಾಲ್ ಕೂಲಂಟ್ ಅರ್ಧರ್ಧ ಇದ್ದರೆ ಸೊನ್ನೆಗಿಂತ 35 ಡಿಗ್ರಿ ಕೆಳಗೆ ಹೋದರೂ ಗಟ್ಟಿಯಾಗುವುದಿಲ್ಲ. ಮೊದಲೇ ಬೆರೆಸಿದ ಕೂಲಂಟ್ ಸಿಗುತ್ತದೆ. ಅದಕ್ಕೆ ಮತ್ತೆ ನೀರು ಹಾಕಬೇಡಿ, ಡಬ್ಬಿ ಓದಿ.

ಹೋಸ್‌ಗಳನ್ನು ಒಂದೊಂದಾಗಿ ಹಿಂಡಿ ನೋಡಿ. ಹಪ್ಪಳದಂತೆ ಚುರುಕ್ ಅಂದರೆ ಬದಲಿಸಿ. ರೇಡಿಯೇಟರ್ ಮುಚ್ಚಳ ಅಂತೂ ಹೊಸದೇ ಹಾಕಿ. ಐದು ಸಾವಿರ ಮೀಟರ್ ಎತ್ತರದಲ್ಲಿ ನೀರು 83 ಡಿಗ್ರಿಗೇ ಕುದಿಯುತ್ತದೆ. ಅದನ್ನು ಕುದಿಯದಂತೆ ಒತ್ತಿ ಹಿಡಿದಿರುವುದು ಆ ಮುಚ್ಚಳದ ರಬ್ಬರು ಮತ್ತು ಸ್ಪ್ರಿಂಗು ಮಾತ್ರ.

ಇಷ್ಟಾದ ಮೇಲೆ ಮತ್ತೆ ಹೀಟರ್ ಹಾಕಿ ಕೂತು ನೋಡಿ. ಎದುರು ಮನೆಯವರು ಏನಾದರೂ ಅಂದುಕೊಳ್ಳಲಿ.

ಟಯರು, ಮತ್ತು ಬಿಚ್ಚಲಾರದ ನಟ್ಟು

ಟಯರಿನ ಪಕ್ಕದಲ್ಲಿ ನಾಲ್ಕು ಅಂಕಿ ಇರುತ್ತವೆ. 2219 ಅಂತಿದ್ದರೆ 2019ರ 22ನೇ ವಾರ ತಯಾರಾದದ್ದು ಅಂತ ಅರ್ಥ. ಐದು ವರ್ಷ ದಾಟಿದ್ದರೆ ಗೆರೆ ಎಷ್ಟೇ ಉಳಿದಿರಲಿ, ಈ ಪ್ರಯಾಣಕ್ಕೆ ಬೇಡ. ನಮ್ಮ ಬಿಸಿಲಲ್ಲಿ ನಿಂತೇ ರಬ್ಬರು ಸೀಳುತ್ತದೆ. ಕಾನೂನಿಗೆ 1.6 ಮಿ.ಮೀ. ಗೆರೆ ಸಾಕು. ನಿಮಗೆ ಕನಿಷ್ಠ ಐದು ಮಿ.ಮೀ. ಇರಲಿ. ಸ್ಟೆಪ್ನಿಯೂ ಇದೇ ಅಳತೆಯದು, ಇದೇ ಸ್ಥಿತಿಯದು ಇರಬೇಕು. ಗಾಡಿ ಕೆಳಗೆ ನೇತಾಡುವ ಸ್ಟೆಪ್ನಿಯನ್ನು ಇಳಿಸುವ ಸರಪಳಿ ತುಕ್ಕು ಹಿಡಿದಿರುತ್ತದೆ. ಒಮ್ಮೆ ಇಳಿಸಿ, ಗ್ರೀಸ್ ಹಚ್ಚಿ, ಮತ್ತೆ ಏರಿಸಿ.

ಈಗ ನನ್ನ ಪಾಡು ಕೇಳಿ. ಹಿಂದಿನ ಒಂದು ಪ್ರಯಾಣದಲ್ಲಿ ಯವತ್ಮಾಳದ ಹತ್ತಿರ ರಾತ್ರಿ ಒಂಬತ್ತೂವರೆಗೆ ಪಂಚರ್ ಆಯಿತು. ಸ್ಟೆಪ್ನಿ ಇತ್ತು, ಜ್ಯಾಕ್ ಇತ್ತು, ಗಾಡಿ ಜೊತೆ ಕೊಟ್ಟ ಎಲ್ ಪಾನಾ ಇತ್ತು. ನಟ್ಟು ಮಾತ್ರ ಅಲುಗಲಿಲ್ಲ. ವಾರದ ಹಿಂದೆ ಒಂದು ಪಂಚರ್ ಅಂಗಡಿಯಲ್ಲಿ ಗಾಳಿಯ ಗನ್ನಿನಿಂದ ಬಿಗಿದಿದ್ದರು. ಪಾನಾ ಮೇಲೆ ನಾನು ನಿಂತೆ. ನಮ್ಮ ಅಳಿಯನೂ ಹತ್ತಿ ನಿಂತ. ಪಾನಾ ನಿಧಾನಕ್ಕೆ ಬಾಗಿತು, ನಟ್ಟು ಹಾಗೇ ಇತ್ತು. ಕೊನೆಗೆ ಒಂದು ಲಾರಿ ನಿಂತಿತು. ಡ್ರೈವರ್ ಮಾತೇ ಆಡದೆ ತನ್ನ ಪಾನಾಕ್ಕೆ ಮೂರು ಅಡಿ ಕಬ್ಬಿಣದ ಪೈಪು ಸಿಕ್ಕಿಸಿ ಒಮ್ಮೆ ಒತ್ತಿದರು. ಕಟ್ ಅಂತು. ಅವರು ಚಹಾಕ್ಕೂ ನಿಲ್ಲಲಿಲ್ಲ.

ಆವತ್ತಿಂದ ನನ್ನ ಗಾಡಿಯಲ್ಲಿ ಒಂದು ಪೈಪು ಇದೆ, ಪ್ಲಸ್ ಆಕಾರದ ಪಾನಾ ಇದೆ. ನೀವೂ ಎಲ್ಲ ನಟ್ಟು ಒಮ್ಮೆ ಮನೆ ಮುಂದೆಯೇ ಕೈಯಾರೆ ಬಿಚ್ಚಿ, ಕಂಪನಿ ಪುಸ್ತಕದಲ್ಲಿ ಹೇಳಿದ ಟಾರ್ಕಿಗೆ ಬಿಗಿಯಿರಿ. ಬಿಚ್ಚಲು ಆಗದಿದ್ದರೆ ಅದು ಇಲ್ಲೇ ಗೊತ್ತಾಗಲಿ. ಬಿಗಿ ಮಾಡಿದ ಮೇಲೆ ನಟ್ಟಿನಿಂದ ಚಕ್ರದ ತನಕ ನೇಲ್ ಪಾಲಿಶ್‌ನಲ್ಲಿ ಒಂದು ಗೆರೆ ಎಳೆಯಿರಿ. ನಟ್ಟು ಒಂದು ಕೂದಲಷ್ಟು ತಿರುಗಿದರೂ ಗೆರೆ ಮುರಿಯುತ್ತದೆ, ಬೆಳಗ್ಗೆ ಎದ್ದು ಒಮ್ಮೆ ಕಣ್ಣಾಡಿಸಿದರೆ ಸಾಕು. ಮಗಳ ಗುಲಾಬಿ ಪಾಲಿಶ್ ತೆಗೆದುಕೊಂಡಿದ್ದಕ್ಕೆ ಮನೆಯಲ್ಲಿ ದೊಡ್ಡ ಪಂಚಾಯ್ತಿ ಆಯಿತು, ಅದು ಬೇರೆ ವಿಷಯ.

ಹವಾ ಎಷ್ಟಿರಬೇಕು ಅಂತ ಬಾಗಿಲ ಬಳಿಯ ಸ್ಟಿಕರಿನಲ್ಲಿ ಇರುತ್ತದೆ. ಲೋಡ್ ಇದ್ದಾಗಿನ ಅಂಕಿ ಹಿಡಿಯಿರಿ. ಎತ್ತರಕ್ಕೆ ಹೋದಂತೆ ಹೊರಗಿನ ಗಾಳಿ ತೆಳುವಾಗಿ ಮೀಟರು ಜಾಸ್ತಿ ತೋರಿಸುತ್ತದೆ. ಚಳಿಗೆ ಅದೇ ಹವಾ ಇಳಿಯುತ್ತದೆ. ಒಂದನ್ನೊಂದು ಸುಮಾರಾಗಿ ಸರಿದೂಗಿಸುತ್ತವೆ. ದಿನಾ ಬೆಳಗ್ಗೆ ಟಯರು ತಣ್ಣಗಿದ್ದಾಗ ಅಳೆದು ಬೇಕಾದರೆ ಸರಿ ಮಾಡಿ. 12 ವೋಲ್ಟಿನ ಸಣ್ಣ ಕಂಪ್ರೆಸರ್, ಟ್ಯೂಬ್‌ಲೆಸ್ ಪಂಚರ್ ಕಿಟ್ಟು ಇರಲಿ. ಕಿಟ್ಟು ಬಳಸುವುದನ್ನು ಹಳೆ ಟಯರಿಗೆ ಮೊಳೆ ಹೊಡೆದು ಕಲಿಯಿರಿ.

ಬ್ರೇಕು

ಲೇಹ್‌ಗೆ ಹೋಗುವಾಗ ಬೆಟ್ಟ ದಾಟುವ ತಂಗ್ಲಂಗ್ ಲಾ ಅನ್ನುವ ಕಣಿವೆ ದಾರಿ 17,480 ಅಡಿ ಎತ್ತರದಲ್ಲಿದೆ. ಕಲಬುರಗಿ ಇರುವುದು ಸುಮಾರು 1,500 ಅಡಿಯಲ್ಲಿ. ಏರುವುದು ಇಂಜಿನ್ನಿನ ಕಷ್ಟ, ಇಳಿಯುವುದು ಬ್ರೇಕಿನ ಕಷ್ಟ. ಬ್ರೇಕ್ ಆಯಿಲ್ ಗಾಳಿಯಲ್ಲಿನ ತೇವ ಹೀರಿಕೊಳ್ಳುತ್ತದೆ. ಡಾಟ್ 4 ದರ್ಜೆಯ ಹೊಸ ಬ್ರೇಕ್ ಆಯಿಲ್ ಕನಿಷ್ಠ 230 ಡಿಗ್ರಿ ತಾಳಬೇಕು, ತೇವ ಕುಡಿದದ್ದಕ್ಕೆ ಆ ಮಿತಿ 155ಕ್ಕೆ ಇಳಿಯುತ್ತದೆ. ಕುದ್ದರೆ ಪೈಪಿನಲ್ಲಿ ಗುಳ್ಳೆ, ಪೆಡಲ್ ಮೆತ್ತಗೆ ನೆಲ ಮುಟ್ಟುತ್ತದೆ. ಎರಡು ವರ್ಷ ಆಗಿದ್ದರೆ ಪೂರ್ತಿ ಬದಲಿಸಿ. ಮುಂದಿನ ಪ್ಯಾಡ್ ಮೂರ್ನಾಲ್ಕು ಮಿ.ಮೀ. ಮಾತ್ರ ಉಳಿದಿದ್ದರೆ ಹೊಸದು ಹಾಕಿ. ಹಿಂದಿನ ಡ್ರಮ್ ಬಿಚ್ಚಿಸಿ ಧೂಳು ತೆಗೆಸಿ, ಹ್ಯಾಂಡ್‌ಬ್ರೇಕ್ ಬಿಗಿ ಮಾಡಿಸಿ. ಇಳಿಯುವಾಗ ಎರಡು, ಮೂರನೇ ಗೇರಿನಲ್ಲಿ ಇಂಜಿನ್ನಿನಿಂದಲೇ ತಡೆಯಬೇಕು. ನ್ಯೂಟ್ರಲ್ ಮಾಡಿ ಡೀಸೆಲ್ ಉಳಿಸುವ ಬಯಲಿನ ಚಾಳಿ ಅಲ್ಲಿ ಬೇಡವೇ ಬೇಡ.

ಗಂಜ್‌ನ ಕಾಟಾ ಹೇಳಿದ ಸತ್ಯ

ಬೊಲೆರೊ ಹಿಂದೆ ಇರುವುದು ಪಾಟಾ, ಅಂದರೆ ಕಬ್ಬಿಣದ ಎಲೆಗಳನ್ನು ಜೋಡಿಸಿದ ಸ್ಪ್ರಿಂಗು. ಪಾಟಾದ ಎಲೆಗಳಲ್ಲಿ ಕೂದಲೆಳೆ ಬಿರುಕು, ಯು ಬೋಲ್ಟು ಸಡಿಲ, ಬುಶ್ ಸವೆತ, ಶಾಕ್ ಅಬ್ಸಾರ್ಬರಿನಿಂದ ಎಣ್ಣೆ ಜಿನುಗು, ಇವನ್ನು ಗಾಡಿ ಗುಂಡಿಯ ಮೇಲೆ ನಿಲ್ಲಿಸಿ ಟಾರ್ಚ್ ಹಿಡಿದು ನೋಡಬೇಕು. ಮುಂದಿನ ಚಕ್ರ ಜ್ಯಾಕ್ ಮೇಲೆ ಎತ್ತಿ ಮೇಲೆ ಕೆಳಗೆ ಅಲುಗಿಸಿ. ಕಟಕಟ ಅಂದರೆ ಬೇರಿಂಗ್ ಅಥವಾ ಬಾಲ್ ಜಾಯಿಂಟ್. ಚಕ್ಕಡಿಗೆ ಕೀಲೆಣ್ಣೆ ಹಾಕದೆ ನಮ್ಮ ಅಜ್ಜ ಜಾತ್ರೆಗೆ ಹೊರಟಿದ್ದಿಲ್ಲ. ಬೇರಿಂಗಿಗೆ ಹೊಸ ಗ್ರೀಸ್ ತುಂಬಿಸಿ.

ಆದರೆ ಪಾಟಾ ಮುರಿಯುವುದು ಸಾಮಾನ್ಯವಾಗಿ ಹಳೆಯದಾಗಿ ಅಲ್ಲ, ಭಾರ ಜಾಸ್ತಿಯಾಗಿ. ನಮಗೆ ಇದಕ್ಕೊಂದು ಅನುಕೂಲ ಇದೆ. ತೊಗರಿ ನಾಡು, ದಾಲ್ ಮಿಲ್ಲುಗಳಿಗೆ ಬರವಿಲ್ಲ, ಕಾಟಾಗಳಿಗೂ ಬರವಿಲ್ಲ. ನೆಹರು ಗಂಜ್ ಕಡೆ ಹೋದರೆ ಲಾರಿ ತೂಗುವ ಕಾಟಾ ಸಿಗುತ್ತದೆ. ಹೊರಡುವ ಮೂರು ವಾರ ಮೊದಲು ನಾವು ಎಲ್ಲ ಸಾಮಾನು ತುಂಬಿ, ಹೋಗುವ ನಾಲ್ಕೂ ಜನ ಕೂತು ಗಾಡಿಯನ್ನು ಕಾಟಾ ಮೇಲೆ ಏರಿಸಿದೆವು. ಹಿಂದೆ ತೊಗರಿ ತುಂಬಿದ ಲಾರಿಗಳ ಸಾಲು. ಕಾಟಾದವರು ನಮ್ಮನ್ನು ನೋಡಿ, "ಏನು ಮಾರಲಿಕ್ಕೆ ತಂದೀರಿ?" ಅಂದರು. ಮೊದಲು ಪೂರ್ತಿ ಗಾಡಿ ತೂಗಿ. ಆಮೇಲೆ ಹಿಂದಿನ ಎರಡು ಚಕ್ರ ಮಾತ್ರ ಕಾಟಾ ಮೇಲಿರುವಂತೆ ನಿಲ್ಲಿಸಿ ತೂಗಿ. ಆರ್‌ಸಿಯಲ್ಲಿ ಖಾಲಿ ಗಾಡಿಯ ತೂಕ ಇರುತ್ತದೆ, ಅದನ್ನೂ ಜನರ ತೂಕವನ್ನೂ ಕಳೆದರೆ ಉಳಿದದ್ದು ಸಾಮಾನು. ನಾವು ಅಂದುಕೊಂಡದ್ದು 200 ಕೆ.ಜಿ. ಚೀಟಿಯಲ್ಲಿ ಬಂದದ್ದು 340. ಕಾಟಾ ಹತ್ತಿಪ್ಪತ್ತು ಕೆ.ಜಿ. ಆಚೀಚೆ ತೋರಿಸಿದರೂ 140 ತೋರಿಸುವುದಿಲ್ಲ.

ಮನೆಗೆ ಬಂದು ಎಲ್ಲ ಅಂಗಳಕ್ಕೆ ಇಳಿಸಿದೆವು. ಎರಡು ಮಡಚುವ ಕುರ್ಚಿ, ದೊಡ್ಡ ಟೇಬಲ್, ಎರಡನೇ ಸಿಲಿಂಡರ್, ಕಬ್ಬಿಣದ ಪೆಟ್ಟಿಗೆ, 40 ಲೀಟರ್ ನೀರು. ಪೆಟ್ಟಿಗೆ ಒಂದೇ ಖಾಲಿಯಾಗಿ 22 ಕೆ.ಜಿ. ಇತ್ತು! ಅದರ ಬದಲು ಪ್ಲಾಸ್ಟಿಕ್ ಪೆಟ್ಟಿಗೆ ಬಂತು, ನೀರು 20 ಲೀಟರಿಗೆ ಇಳಿಯಿತು, ಕುರ್ಚಿ ಟೇಬಲ್ ಮನೆಯಲ್ಲೇ ಉಳಿದವು. ಭಾರದ ಸಾಮಾನು ಕೆಳಗೆ, ಹಿಂದಿನ ಅಚ್ಚಿಗಿಂತ ಮುಂದೆ ಬರುವಂತೆ ಇಡಿ. ಕ್ಯಾರಿಯರ್ ಮೇಲೆ ಹಾಸಿಗೆ, ಟೆಂಟಿನಂಥ ಹಗುರದ್ದು ಮಾತ್ರ.

ಏನು ಸೇರಿಸಬಾರದು

ಈ ವಿಷಯದಲ್ಲಿ ನನ್ನದು ಸ್ವಲ್ಪ ಖಡಕ್ ಅಭಿಪ್ರಾಯ. ಮುಂದೆ ಬುಲ್ ಬಾರ್, ಅಂದರೆ ಬಂಪರಿನ ಮುಂದೆ ಹಾಕಿಸುವ ಕಬ್ಬಿಣದ ಗಾರ್ಡು ಬೇಡ. ಕೇಂದ್ರ ಸರ್ಕಾರ 2017ರ ಡಿಸೆಂಬರಿನಲ್ಲೇ ಅದು ಅಕ್ರಮ ಅಂತ ಹೇಳಿದೆ, ಮೇಲಾಗಿ ಭಾರ. ಅಳತೆ ಮೀರಿದ ದೊಡ್ಡ ಟಯರು ಬೇಡ. ಗೇರು, ಸ್ಪೀಡೋಮೀಟರು ಎಲ್ಲ ಲೆಕ್ಕ ತಪ್ಪುತ್ತವೆ, ವಿಮೆಯವರು ಕ್ಯಾತೆ ತೆಗೆಯುತ್ತಾರೆ. ಕಣ್ಣು ಕುಕ್ಕುವ ಲೈಟು ಬೇಡ, ರಾತ್ರಿ ಓಡಿಸದಿದ್ದರೆ ಆಯಿತು. ಫೋರ್ ವೀಲ್ ಡ್ರೈವ್ ಇದ್ದರೆ ಒಳ್ಳೆಯದು, ಇಲ್ಲದಿದ್ದರೆ ಸಾಲ ಮಾಡಿ ಕೊಳ್ಳಬೇಡಿ. ಬೇಸಿಗೆ ಕೊನೆಯಿಂದ ಸೆಪ್ಟೆಂಬರ್ ತನಕ ಈ ದಾರಿಗೆ ಸಾದಾ ಗಾಡಿ ಸಾಕು.

ಧೂಳು, ಡೀಸೆಲ್, ಕರೆಂಟು

ಇವು ಮೂರೂ ಸಣ್ಣ ಕೆಲಸ. ತಂಗ್ಲಂಗ್ ಲಾದಲ್ಲಿ ಗಾಳಿಯ ಒತ್ತಡ ಇಲ್ಲಿನದಕ್ಕಿಂತ ಅರ್ಧ ಚಿಲ್ಲರೆ ಅಷ್ಟೇ. ಇಂಜಿನ್ನಿಗೆ ಸಿಗುವ ಗಾಳಿಯೇ ಕಡಿಮೆ, ಅದರಲ್ಲಿ ಏರ್ ಫಿಲ್ಟರ್ ಕಟ್ಟಿದ್ದರೆ ಕಪ್ಪು ಹೊಗೆ ಬಿಡುತ್ತಾ ಮೊದಲನೇ ಗೇರಿನಲ್ಲಿ ನರಳುತ್ತದೆ. ಸೇಡಂ, ವಾಡಿ ಕಡೆ ಸಿಮೆಂಟ್ ಲಾರಿಗಳ ಹಿಂದೆ ಓಡಾಡುವವರ ಫಿಲ್ಟರ್ ಒಮ್ಮೆ ತೆಗೆದು ನೋಡಿ, ಹಿಟ್ಟಿನ ಜರಡಿಯಂತೆ ಇರುತ್ತದೆ. ಹೊಸದು ಹಾಕಿ, ಇನ್ನೊಂದು ಜೊತೆಗಿಡಿ. ಡೀಸೆಲ್ ಫಿಲ್ಟರ್ ಕೂಡ ಹಾಗೆಯೇ. ಅದರ ಕೆಳಗಿನ ತಿರುಪು ಸಡಿಲಿಸಿ ನೀರು ಬಿಡುವುದನ್ನು ಕಲಿಯಿರಿ. ಹೊಸ ಬಿಎಸ್–6 ಗಾಡಿಗೆ ಯೂರಿಯಾ ದ್ರವ ಹಾಕುವವರು ನೆನಪಿಡಿ, ಅದು ಸೊನ್ನೆಗಿಂತ 11 ಡಿಗ್ರಿ ಕೆಳಗೆ ಹೆಪ್ಪುಗಟ್ಟುತ್ತದೆ.

ಬ್ಯಾಟರಿ ರಾತ್ರಿಯೆಲ್ಲ ನಿಂತ ಮೇಲೆ 12.6 ವೋಲ್ಟ್ ಇರಬೇಕು, ಇಂಜಿನ್ ಓಡುವಾಗ 13.8ರಿಂದ 14.4. ನಮ್ಮ ಬಿಸಿಲು ಬ್ಯಾಟರಿಯನ್ನು ಒಳಗೊಳಗೇ ಕೊಲ್ಲುತ್ತದೆ, ಚಳಿ ಅದನ್ನು ಬಯಲಿಗೆ ತರುತ್ತದೆ. ಮೂರು ವರ್ಷ ದಾಟಿದ್ದರೆ ಬದಲಿಸಿಯೇ ಹೊರಡಿ. ವೈಪರ್ ರಬ್ಬರೂ ಬಿಸಿಲಿಗೆ ಸುಟ್ಟಿರುತ್ತದೆ.

ಡಿಕ್ಕಿಯಲ್ಲಿ ಏನಿರಬೇಕು

ಬಿಡಿಭಾಗಗಳಿಗೆ ನಾನು ಒಂದು ರೂಢಿ ಇಟ್ಟುಕೊಂಡಿದ್ದೇನೆ. ಹೊಸ ಫ್ಯಾನ್ ಬೆಲ್ಟನ್ನು ಗಾಡಿಗೆ ಹಾಕಿ, ಓಡುತ್ತಿದ್ದ ಹಳೆ ಬೆಲ್ಟನ್ನು ಜೊತೆಗಿಡುತ್ತೇನೆ. ಹಳೆಯದು ಸರಿಯಾಗಿ ಕೂರುತ್ತದೆ ಅಂತ ಗೊತ್ತಿರುತ್ತದೆ. ಪ್ಯಾಕೆಟ್ ಒಡೆಯದ ಹೊಸ ಬೆಲ್ಟು ಅರ್ಧ ಇಂಚು ಗಿಡ್ಡ ಅಂತ ಗೊತ್ತಾಗುವ ಜಾಗ ಸರ್ಚು ಆಗಬಾರದು ಅಲ್ವಾ?

ಉಳಿದದ್ದು: ಮೇಲಿನ ಕೆಳಗಿನ ರೇಡಿಯೇಟರ್ ಹೋಸ್, ಕ್ಲಿಪ್ಪುಗಳು, ಫ್ಯೂಸು, ಬಲ್ಬು, ಎರಡು ಲೀಟರ್ ಇಂಜಿನ್ ಆಯಿಲ್, ಎರಡು ಲೀಟರ್ ಕೂಲಂಟ್, ಅರ್ಧ ಲೀಟರ್ ಬ್ರೇಕ್ ಆಯಿಲ್, ಎಂಸೀಲ್, ಇನ್ಸುಲೇಶನ್ ಟೇಪು, ಬೈಂಡಿಂಗ್ ವೈರು, ಜಂಪರ್ ಕೇಬಲ್, ಎಳೆಯುವ ಪಟ್ಟಿ, ಸಲಿಕೆ, ಒಂದೆರಡು ಕೆ.ಜಿ.ಯ ಬೆಂಕಿ ಆರಿಸುವ ಸಿಲಿಂಡರ್. ಪಾನಾಗಳನ್ನು ಎಣಿಸಿ ತುಂಬಬೇಡಿ. ಒಂದು ಭಾನುವಾರ ಆ ಪಾನಾಗಳಿಂದಲೇ ಬೆಲ್ಟು, ಫಿಲ್ಟರು, ಚಕ್ರ ಬದಲಿಸಿ. ಬಳಸಿದ್ದನ್ನು ಇಡಿ, ಬಳಸದ್ದನ್ನು ಬಿಡಿ.

ಜ್ಯಾಕ್ ಕೆಳಗೆ ಇಡಲು ಒಂದು ಅಡಿ ಚೌಕದ, ಎರಡು ಇಂಚು ದಪ್ಪದ ಹಲಗೆ ಬೇಕೇ ಬೇಕು. ನಮ್ಮ ಗೆಳೆಯರೊಬ್ಬರು ಹಲಗೆ ಯಾಕೆ ಅಂತ ಶಹಾಬಾದ್ ಕಲ್ಲಿನ ತುಂಡು ಇಟ್ಟುಕೊಂಡಿದ್ದರು. ಮನೆ ನೆಲಕ್ಕೆ ಅದಕ್ಕಿಂತ ಒಳ್ಳೆ ಕಲ್ಲಿಲ್ಲ. ಜ್ಯಾಕಿನ ಕೆಳಗೆ ಮಾತ್ರ ಪದರ ಪದರವಾಗಿ ಒಡೆಯಿತು.

ಎರೆ ಮಣ್ಣೇ ಮೇಷ್ಟ್ರು

ಸಿಕ್ಕಿಬಿದ್ದ ಗಾಡಿ ತೆಗೆಯುವುದನ್ನು ಕಲಿಯಲು ಲಡಾಖ್ ತನಕ ಹೋಗಬೇಕಿಲ್ಲ. ಮೊದಲ ಮಳೆ ಬಿದ್ದ ಮರುದಿನ ಜೇವರ್ಗಿ ಕಡೆಯ ಗೆಳೆಯರ ಹೊಲದ ದಾರಿಗೆ ಇಳಿದೆವು, ಅವರನ್ನು ಕೇಳಿಯೇ. ಎರಡೇ ಸುತ್ತಿಗೆ ಟಯರಿನ ಗೆರೆಗಳೆಲ್ಲ ಮುಚ್ಚಿ ರೊಟ್ಟಿ ಹಂಚಿನಂತೆ ನುಣ್ಣಗಾಯಿತು. ಮತ್ತೆ ಒತ್ತಿದೆ. ಅಚ್ಚಿನ ತನಕ ಹೂತಿತು.

ಚಕ್ರ ಸುಮ್ಮನೆ ತಿರುಗಿತು ಅಂದರೆ ಕಾಲು ತೆಗೆಯಿರಿ. ಇಳಿದು ನೋಡಿ. ಸಲಿಕೆಯಿಂದ ಚಕ್ರದ ಮುಂದೆ ಇಳಿಜಾರಾಗಿ ಅಗೆಯಿರಿ, ಹೊಟ್ಟೆ ಕೆಳಗೆ ತಾಗಿದ ಮಣ್ಣು ತೆಗೆಯಿರಿ. ಹವಾ 20 ಪಿಎಸ್‌ಐಗೆ ಇಳಿಸಿ. ಮಡಚಿದ ಗೋಣಿಚೀಲ ಚಕ್ರದ ಕೆಳಗೆ ತುರುಕಿ, ಎರಡನೇ ಗೇರಿನಲ್ಲಿ ನಿಧಾನಕ್ಕೆ ಕ್ಲಚ್ ಬಿಡಿ. ಮೂರನೇ ಸಲಕ್ಕೆ ಹೊರಬಂದೆವು. ಆಮೇಲೆ ಹವಾ ತುಂಬುವ ತನಕ ಜೋರು ಓಡಿಸಬೇಡಿ. ಮರಳಿಗೂ ಇದೇ ಪಾಠ, ನಾಲ್ಕು ಗೋಣಿಚೀಲ ಲಡಾಖಿಗೂ ಬಂದವು.

ಇನ್ನೊಂದು ಗಾಡಿಯಿಂದ ಎಳೆಸುವುದಾದರೆ ಪಟ್ಟಿಯನ್ನು ಚಾಸಿಗೆ ಬೋಲ್ಟ್ ಆದ ಕೊಂಡಿಗೆ ಮಾತ್ರ ಹಾಕಿ, ಬಂಪರಿಗೆ ಅಲ್ಲ. ಪಟ್ಟಿಯ ನಡುವೆ ಒಂದು ಒದ್ದೆ ಚೀಲ ಹೊದಿಸಿ. ಹರಿದರೆ ಅದು ಚಾಟಿಯಂತೆ ಬರುತ್ತದೆ, ಭಾರಕ್ಕೆ ಕೆಳಗೆ ಬೀಳಲಿ. ಪಟ್ಟಿಯ ಸಾಲಿನಲ್ಲಿ ಯಾರೂ ನಿಲ್ಲಬಾರದು. ಅಲ್ಲಿನ ಹಳ್ಳಗಳು ಹಿಮ ಕರಗಿ ಮಧ್ಯಾಹ್ನದ ಮೇಲೆ ಏರುತ್ತವೆ. ಬೆಳಗ್ಗೆಯೇ ದಾಟುವಂತೆ ಹೊರಡಿ.

ಊಟ

83 ಡಿಗ್ರಿಗೆ ಕುದಿಯುವ ನೀರಿನಲ್ಲಿ ತೊಗರಿಬೇಳೆ ಬೇಯುವುದಿಲ್ಲ, ಜಿಐ ಟ್ಯಾಗ್ ಪಡೆದ ನಮ್ಮ ಕಲಬುರಗಿ ತೊಗರಿಯೂ ಅಷ್ಟೆ. ಎರಡು ಲೀಟರ್ ಕುಕ್ಕರ್ ಇಟ್ಟುಕೊಳ್ಳಿ. ಖಡಕ್ ರೊಟ್ಟಿ, ಶೇಂಗಾ ಹಿಂಡಿ, ಅಗಸಿ ಹಿಂಡಿ ಇದ್ದರೆ ಹದಿನೈದು ದಿನ ಚಿಂತೆ ಇಲ್ಲ. ರೊಟ್ಟಿ ಡಬ್ಬಿ ಗಟ್ಟಿ ತುಂಬಿ, ಸಡಿಲ ತುಂಬಿದರೆ ಲೇಹ್ ತಲುಪುವಾಗ ಪುಡಿ. ಎಷ್ಟೇ ಚಳಿ ಇರಲಿ, ಮುಚ್ಚಿದ ಗಾಡಿಯೊಳಗೆ ಸ್ಟೌ ಹಚ್ಚಬೇಡಿ. ಅದರ ವಿಷಗಾಳಿಗೆ ವಾಸನೆ ಇಲ್ಲ, ನಿದ್ದೆಯಲ್ಲೇ ಜೀವ ಹೋಗುತ್ತದೆ.

ಪರೀಕ್ಷೆಯ ಓಟ

ಎರಡು ವಾರ ಮೊದಲು ಪೂರ್ತಿ ಲೋಡಿನಲ್ಲಿ ಒಂದು ಸುತ್ತು ಹಾಕಿ. ನಮ್ಮದು ಕಲಬುರಗಿ, ಚಿಂಚೋಳಿ, ಮನ್ನಾಏಖೆಳ್ಳಿ, ಬೀದರ್, ಹುಮನಾಬಾದ್, ಮತ್ತೆ ಕಲಬುರಗಿ. ಒಂದು ರಾತ್ರಿ ಹೊರಗೆ ತಂಗಬೇಕು. ಚಿಂಚೋಳಿ ವನ್ಯಧಾಮದೊಳಗೆ ಕಂಡಲ್ಲಿ ಟೆಂಟ್ ಹಾಕುವಂತಿಲ್ಲ, ಅರಣ್ಯ ಇಲಾಖೆಯನ್ನು ಕೇಳಿ. ಬೇಕೆಂತಲೇ ಕೆಟ್ಟ ರಸ್ತೆ ಹಿಡಿಯಿರಿ. ಪ್ರತಿ 50 ಕಿ.ಮೀ.ಗೆ ನಿಂತು ನಾಲ್ಕೂ ಚಕ್ರದ ನಡುಭಾಗ ಮುಟ್ಟಿ ನೋಡಿ. ಒಂದು ಮಾತ್ರ ಜಾಸ್ತಿ ಸುಡುತ್ತಿದ್ದರೆ ಅಲ್ಲಿ ಬ್ರೇಕ್ ಕಚ್ಚುತ್ತಿದೆ ಅಥವಾ ಬೇರಿಂಗ್ ಹೋಗುತ್ತಿದೆ. ನಮಗೆ ಈ ಸುತ್ತಿನಲ್ಲಿ ಸಿಕ್ಕದ್ದು: ಕ್ಯಾರಿಯರಿನ ಎರಡು ಬೋಲ್ಟು ಸಡಿಲ, ಕೆಳಗಿನ ಹೋಸಿನಲ್ಲಿ ಹನಿ, ಎಡ ಹಿಂಭಾಗದ ಒಂದು ನಟ್ಟಿನ ಗುಲಾಬಿ ಗೆರೆ ಮುರಿದದ್ದು, ಮತ್ತು ಟಾರ್ಚ್ ಯಾರಿಗೂ ಸಿಗದ ಜಾಗದಲ್ಲಿ ಇದ್ದದ್ದು. ಬೀದರಿನಲ್ಲಿ ಎಲ್ಲ ಸರಿ ಮಾಡಿಸಲು ಒಂದು ಗಂಟೆ, 300 ರೂಪಾಯಿ.

ಕೊನೆಯ ವಾರ

ಆರ್‌ಸಿ, ವಿಮೆ, ಪಿಯುಸಿ, ಲೈಸೆನ್ಸ್ ಡಿಜಿಲಾಕರಿನಲ್ಲೂ ಕಾಗದದಲ್ಲೂ ಇರಲಿ. ನೆಟ್‌ವರ್ಕ್ ಇಲ್ಲದ ಕಡೆ ಮೊಬೈಲು ಬರೀ ಕನ್ನಡಿ. ಹಾನ್ಲೆ ಗಡಿ ಭಾಗ, ಪರವಾನಗಿಯ ನಿಯಮ ಏನಿದೆ ಅಂತ ಹೊರಡುವ ಮೊದಲು ನೋಡಿಕೊಳ್ಳಿ. ನಮ್ಮ ಪ್ರೀಪೇಯ್ಡ್ ಸಿಮ್ ಲಡಾಖಿನಲ್ಲಿ ನಡೆಯುವುದಿಲ್ಲ, ಒಂದಾದರೂ ಪೋಸ್ಟ್‌ಪೇಯ್ಡ್ ಇಟ್ಟುಕೊಳ್ಳಿ. ನಕ್ಷೆಯನ್ನು ಮೊದಲೇ ಇಳಿಸಿಕೊಳ್ಳಿ. ಲೇಹ್‌ನಲ್ಲಿ ಎರಡು ದಿನ ಸುಮ್ನೆ ಕೂರುವಂತೆ ದಿನ ಲೆಕ್ಕ ಹಾಕಿ, ಎತ್ತರಕ್ಕೆ ಮೈ ಹೊಂದಬೇಕು. ಆ ಎರಡು ದಿನದಲ್ಲಿ ಗಾಡಿ ಕೆಳಗೆ ಇನ್ನೊಮ್ಮೆ ಟಾರ್ಚ್ ಬಿಡಿ.

ಹೊರಡುವ ಹಿಂದಿನ ರಾತ್ರಿ ಇಂಜಿನ್, ಗೇರ್‌ಬಾಕ್ಸ್, ಹಿಂದಿನ ಅಚ್ಚು, ನಾಲ್ಕೂ ಚಕ್ರದ ಕೆಳಗೆ ಹಳೆ ರಟ್ಟಿನ ಪೆಟ್ಟಿಗೆ ಬಿಚ್ಚಿ ಹಾಸಿ ಮಲಗಿ. ಬೆಳಗ್ಗೆ ಪೂಜೆಗೆ ಮೊದಲು ರಟ್ಟು ಎಳೆದು ನೋಡಿ. ಕಪ್ಪು ಹನಿ ಇಂಜಿನ್ ಆಯಿಲ್, ಹಸಿರು ಅಥವಾ ಕೆಂಪು ಹನಿ ಕೂಲಂಟ್, ಚಕ್ರದ ಹತ್ತಿರ ತೆಳು ಎಣ್ಣೆ ಹನಿ ಇದ್ದರೆ ಬ್ರೇಕ್. ರಟ್ಟು ಒಣಗಿದ್ದರೆ ನಿಂಬೆಹಣ್ಣು ಇಡಿ. ಹನಿ ಕಂಡರೆ ಗ್ಯಾರೇಜಿಗೆ ಫೋನ್ ಮಾಡಿ, ರೊಟ್ಟಿ ಡಬ್ಬಿ ಒಳಗೆ ತನ್ನಿ, ನಾಳೆ ಹೊರಡಿ.